ತನ್ನ ಬಸ್ಸು ಬೇಡವೆಂದ ವರ್ನಾ

ಅಪಲಾಚಿಯನ್ ಗುಡ್ಡಗಳ ನಡುವಿನ ಟ್ಯಾನರ್ ಕಣಿವೆಯಲ್ಲಿ ಕಲ್ಲಿದ್ದಲ ಗಣಿ ನಿಂತ ಮೇಲೆ ಅರ್ಧ ಊರು ಖಾಲಿಯಾಯಿತು. ಮಕ್ಕಳು ಸಾಲದೆಂದು ಜಿಲ್ಲೆಯವರು ಶಾಲೆಯನ್ನೂ ಮುಚ್ಚಿದರು. ಅಂದಿನಿಂದ ಉಳಿದ ನಲವತ್ತೊಂದು ಮಕ್ಕಳನ್ನು ಗುಡ್ಡದಾಚೆಯ ದೊಡ್ಡ ಶಾಲೆಗೆ ಮುಟ್ಟಿಸುವ ಹಳದಿ ಬಸ್ಸು ವರ್ನಾ ಸ್ಟಿಲ್ಟ್ನರ್ ಕೈಗೆ ಬಂತು. ಮೊದಲ ಮಗು ಹತ್ತುವಾಗ ಇನ್ನೂ ಆರು ಗಂಟೆ ಹೊಡೆದಿರುತ್ತಿರಲಿಲ್ಲ. ಅಲ್ಲಿಂದ ಶಾಲೆಯ ಬಾಗಿಲಿಗೆ ಎಪ್ಪತ್ತೆಂಟು ನಿಮಿಷ. ಹಿಮ ಬಿದ್ದರೆ ಎರಡು ಗಂಟೆ.

ಐವತ್ತಾರು ವರ್ಷದ ವರ್ನಾ ಹೆಚ್ಚು ಮಾತಿನವಳಲ್ಲ. ಯಾರಿಗೆ ತಿರುವಿನಲ್ಲಿ ವಾಂತಿ ಬರುತ್ತದೆ, ಯಾರು ಬೆಳಿಗ್ಗೆ ಏನೂ ತಿನ್ನದೆ ಬಂದಿದ್ದಾರೆ ಎಂಬುದು ಮಾತ್ರ ಅವಳಿಗೆ ಬಸ್ಸಿನ ಕನ್ನಡಿಯಲ್ಲೇ ತಿಳಿಯುತ್ತಿತ್ತು.

ಆ ಚಳಿಗಾಲದಲ್ಲಿ ನಿವೃತ್ತ ಗಣಿತದ ಮೇಷ್ಟ್ರು ಎಮರಿ ಊರವರನ್ನು ಚರ್ಚಿನ ನೆಲಮಾಳಿಗೆಗೆ ಕರೆದರು. ಬೇಯಿಸಿದ ಬೀನ್ಸ್ ಕಾಳು, ಮೆಕ್ಕೆಜೋಳದ ರೊಟ್ಟಿಯ ಊಟವಾದ ಮೇಲೆ ವಿಷಯ ತೆಗೆದರು. ಚಾರ್ಟರ್ ಶಾಲೆಗಳನ್ನು ಐದು ವರ್ಷ ಪ್ರಯೋಗ ಮಾಡಿ ನೋಡುವ ಮಸೂದೆಯೊಂದು ರಾಜಧಾನಿಯಲ್ಲಿ ತಯಾರಾಗುತ್ತಿತ್ತು. ಹಣ ಸರ್ಕಾರದ್ದು, ನಡೆಸುವವರು ಊರಿನವರೇ, ಜಿಲ್ಲೆಯ ಹಂಗಿಲ್ಲ. ತೊಡಕು ಒಂದೇ: ಕನಿಷ್ಠ ನೂರೈವತ್ತು ಮಕ್ಕಳಿರಬೇಕು. ಆ ಷರತ್ತು ಸಡಿಲಿಸಿ ಎಂದು ಶಾಸಕರ ಸಮಿತಿಯ ಮುಂದೆ ಯಾರಾದರೂ ಹೋಗಿ ಹೇಳಬೇಕಿತ್ತು.

"ನಾನು ಹೋದ್ರೆ ಮೇಷ್ಟ್ರು ಪಾಠ ಶುರು ಮಾಡ್ದ ಅಂತಾರೆ. ನೀನ್ ಹೋಗು ವರ್ನಾ, ಮಕ್ಕಳು ದಿನಾ ಹೋಗೋ ದಾರಿ ಗೊತ್ತಿರೋಳು ನೀನು," ಎಂದರು ಎಮರಿ.

ವರ್ನಾ ಒಪ್ಪಿದ ಸುದ್ದಿ ಅವಳ ತಂಗಿ ನೋಲಾಗೆ ಮುಟ್ಟಲು ಎರಡು ದಿನ ಸಾಕಾಯಿತು. ನೋಲಾ ಅದೇ ದೊಡ್ಡ ಶಾಲೆಯ ಶಿಕ್ಷಕಿ, ಶಿಕ್ಷಕರ ಸಂಘದವಳು. ಬಂದವಳು ಕೋಟು ಕಳಚದೆಯೇ ವರ್ನಾಳ ಅಡುಗೆಮನೆಯಲ್ಲಿ ನಿಂತಳು.

"ನಿಮ್ ನಲವತ್ತು ಮಕ್ಕಳು ಹೋದ್ರೆ ನಮ್ಮಲ್ಲಿ ಟೀಚರ್ ಕೆಲ್ಸ ಹೋಗುತ್ತೆ. ಯೋಚ್ನೆ ಮಾಡಿದ್ದೀಯಾ?"

"ಮಾಡಿದೀನಿ. ನನ್ ಬಸ್ಸೂ ಹೋಗುತ್ತೆ."

"ಮತ್ಯಾಕೆ ಹೊರಟಿದ್ದೀಯ?"

"ಕೀಲಿ ಅಂತ ಒಂದನೇ ಕ್ಲಾಸಿನ ಹುಡುಗಿ ಇದಾಳೆ. ಮೊನ್ನೆ ಸೀಟಲ್ಲೇ ಒದ್ದೆ ಮಾಡ್ಕೊಂಡ್ಲು. ಆ ಇಳಿಜಾರಲ್ಲಿ ಬಸ್ ನಿಲ್ಸೋಕೆ ಜಾಗ ಎಲ್ಲಿದೆ? ಶಾಲೆ ಬಂದ್ರೂ ಇಳೀಲೇ ಇಲ್ಲ, ಸೀಟನ್ನ ಗಟ್ಟಿಯಾಗಿ ಹಿಡ್ಕೊಂಡು ಕೂತಿದ್ಲು."

ಸಮಿತಿಯ ಮುಂದೆ ಸಂಘದ ಪರವಾಗಿ ಮಸೂದೆಯ ವಿರುದ್ಧ ಮಾತಾಡಲು ತನ್ನನ್ನೇ ಆರಿಸಿದ್ದಾರೆ ಎಂದಳು ನೋಲಾ. ಅವಳ ಕಾರು ರಿಪೇರಿಗೆ ಹೋಗಿತ್ತು. ಹೀಗಾಗಿ ಅಕ್ಕತಂಗಿಯರು ವರ್ನಾಳ ಹಳೆಯ ಪಿಕಪ್‌ನಲ್ಲೇ ನಾಲ್ಕು ಗಂಟೆ ಪ್ರಯಾಣ ಮಾಡಿ ರಾಜಧಾನಿ ಸೇರಿದರು. ದಾರಿಯುದ್ದಕ್ಕೂ ಅಮ್ಮನ ಮೊಣಕಾಲು ನೋವಿನ ಮಾತು ಬಿಟ್ಟರೆ ಬೇರೇನೂ ಇಲ್ಲ.

ಸಭೆಯಲ್ಲಿ ಒಬ್ಬೊಬ್ಬರಿಗೆ ಮೂರು ನಿಮಿಷ. ನೋಲಾ ಸೊಗಸಾಗಿ ಮಾತಾಡಿದಳು. ಇರುವ ಶಾಲೆಗಳನ್ನೇ ನೆಟ್ಟಗೆ ನಡೆಸದವರು ಹೊಸದನ್ನು ತೆರೆಯುವುದೇಕೆ ಎಂದು ಅವಳು ಕೇಳಿದಾಗ ವರ್ನಾಗೂ ಹೌದೆನ್ನಿಸಿತು. ತನ್ನ ಸರದಿ ಬಂದಾಗ ಎಮರಿ ಬರೆದುಕೊಟ್ಟ ಹಾಳೆಯನ್ನು ಮಡಚಿ ಕೈಚೀಲದಲ್ಲಿಟ್ಟಳು.

"ಈ ಸಭೆ ಶುರುವಾಗಿ ಎಪ್ಪತ್ತು ನಿಮಿಷ ಆಯ್ತು. ಇಷ್ಟರಲ್ಲಿ ನಿಮ್ಮಲ್ಲಿ ನಾಲ್ಕು ಜನ ಎದ್ದು ಹೊರಗೆ ಹೋಗಿ ಬಂದ್ರಿ. ಅದರಲ್ಲಿ ತಪ್ಪಿಲ್ಲ. ನಮ್ ಮಕ್ಕಳು ಬಸ್ಸಲ್ಲಿ ಇನ್ನೂ ಎಂಟು ನಿಮಿಷ ಕೂತೇ ಇರಬೇಕು. ಸಂಜೆ ಮತ್ತೆ ಅಷ್ಟೇ."

ಯಾರೋ ನಕ್ಕರು, ಬೇಗನೆ ನಿಲ್ಲಿಸಿದರು. ಹೊಸ ಶಾಲೆಯಲ್ಲಿ ಮಕ್ಕಳು ಹೆಚ್ಚು ಚೆನ್ನಾಗಿ ಕಲಿಯುತ್ತಾರೆಂದು ಭರವಸೆ ಕೊಡುತ್ತೀರಾ ಎಂದು ಸದಸ್ಯನೊಬ್ಬ ಕೇಳಿದ.

"ಅದು ನಂಗೆ ಗೊತ್ತಿಲ್ಲ ಸರ್. ನಂಗೆ ಗೊತ್ತಿರೋದು ದಾರಿ ಒಂದೇ."

ಬಸ್ ಪ್ರಯಾಣ ಒಂದು ಗಂಟೆ ಮೀರುವ ಕಡೆ ಸಂಖ್ಯೆಯ ಷರತ್ತು ಬೇಡ, ಅಂಥ ಶಾಲೆಗಳು ಎರಡೇ ಇರಲಿ ಎಂಬ ತಿದ್ದುಪಡಿಯೊಂದಿಗೆ ಮಸೂದೆ ಪಾಸಾಯಿತು. ಮರುವರ್ಷ ಟ್ಯಾನರ್ ಕಣಿವೆಯ ಹಳೆಯ ಕಟ್ಟಡಕ್ಕೆ ಸುಣ್ಣಬಣ್ಣವಾಗಿ ಮೂವತ್ತೆಂಟು ಮಕ್ಕಳು ನಡೆದೇ ಬಂದರು. ಕೀಲಿಯ ಮನೆ ಅಲ್ಲಿಂದ ಕೂಗಳತೆಯಲ್ಲಿತ್ತು.

ವರ್ನಾಳ ಬಸ್ಸಿನ ದಾರಿ ರದ್ದಾಯಿತು. ಯಾರಾದರೂ ರಜೆ ಹಾಕಿದಾಗ ಮಾತ್ರ ಬದಲಿ ಚಾಲಕಿಯಾಗಿ ಕರೆ ಬರುತ್ತಿತ್ತು. ಆದರೂ ನಾಲ್ಕೂವರೆಗೆ ಎಚ್ಚರವಾಗುವುದು ತಪ್ಪಲಿಲ್ಲ. ಎದ್ದು ಕಾಫಿ ಹಿಡಿದು ಸುಮ್ಮನೆ ಕೂರುತ್ತಿದ್ದಳು. ದೊಡ್ಡ ಶಾಲೆಯಲ್ಲಿ ನೋಲಾ ತಾನೇ ತಿದ್ದಿ ಬೆಳೆಸಿದ್ದ ಯುವ ಶಿಕ್ಷಕಿ ಕೆಲಸ ಕಳೆದುಕೊಂಡಳು. ನೋಲಾ ನಾಲ್ಕು ತಿಂಗಳು ಅಕ್ಕನಿಗೆ ಫೋನು ಮಾಡಲಿಲ್ಲ. ಕೊನೆಗೆ ಮಾಡಿದಾಗ ಕ್ಷೇಮ ಸಮಾಚಾರ ಕೇಳಲಿಲ್ಲ.

"ಅಲ್ಲಿ ಚಿಕ್ಕ ಮಕ್ಕಳಿಗೆ ಓದೋದು ಯಾರು ಕಲಿಸ್ತಾರೆ?"

"ಹೊಸ ಹುಡುಗಿ. ಬಂದು ನೋಡು."

ನೋಲಾ ತನ್ನ ಶಾಲೆಗೆ ರಜೆಯಿದ್ದ ಒಂದು ದಿನ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಳು. ಹುಡುಗಿ ಒಳ್ಳೆಯವಳು, ಆದರೆ ಪಾಠ ಓಡಿಸುತ್ತಾಳೆ, ಮಕ್ಕಳು ಹಿಂದೆ ಬೀಳುತ್ತಾರೆ ಎಂದು ಪಕ್ಕದಲ್ಲಿದ್ದ ಅಕ್ಕನಿಗೆ ಪಿಸುಗುಟ್ಟಿದಳು. ನನಗೆ ಹೇಳಿದರೆ ಏನು ಬಂತು, ಅವಳಿಗೇ ಹೇಳು ಎಂದಳು ವರ್ನಾ. ಪಾಠ ಮುಗಿಯುವುದನ್ನೇ ಕಾದಿದ್ದು, ನೋಲಾ ಎದ್ದು ಆ ಹುಡುಗಿಯ ಮೇಜಿನ ಕಡೆ ನಡೆದಳು.