ರಜೆಯ ರಾತ್ರಿ ಬಂದ ಕರೆ

ಹಲ್ಲಿ ಲೊಚಗುಟ್ಟಿದರೆ ನಮ್ಮತ್ತೆ 'ಕೃಷ್ಣ, ಕೃಷ್ಣ' ಎಂದು ನೆಲ ಕುಟ್ಟುತ್ತಿದ್ದರು. ಅದಕ್ಕೆ ಸೊಳ್ಳೆ ಸಿಕ್ಕಿರಬೇಕು ಎಂದು ನಗುತ್ತಿದ್ದವಳು ನಾನು. ಶಕುನ, ಸೂಚನೆ ಇವೆಲ್ಲ ಹೊತ್ತು ಹೋಗದವರ ಹರಟೆ ಎಂದೇ ತಿಳಿದಿದ್ದೆ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನಂತೂ ನಂಬುತ್ತಿರಲಿಲ್ಲ. ನೀವೂ ನಂಬಬೇಕೆಂದಿಲ್ಲ.

ಆಗ ನಾವು ಗಲ್ಫಿನ ರುವೈಸ್‌ನ ಕಂಪನಿ ಕ್ವಾರ್ಟರ್ಸ್‌ನಲ್ಲಿದ್ದೆವು. ನಮ್ಮವರು ಅಲ್ಲಿನ ಒಂದು ಕಾರ್ಖಾನೆಯ ಅಗ್ನಿಶಾಮಕ ದಳದಲ್ಲಿ ಗಾಡಿ ಓಡಿಸುತ್ತಿದ್ದರು. ಬೆಂಕಿ ಬೀಳುತ್ತಿದ್ದುದು ಅಪರೂಪ. ಆದರೆ ಕ್ಯಾಂಪಿನಲ್ಲಿ ಯಾರಿಗೋ ಎದೆನೋವು, ಯಾರಿಗೋ ತಲೆಸುತ್ತು, ಇನ್ಯಾರಿಗೋ ಬಿರಿಯಾನಿ ಹೆಚ್ಚಾದ ಸಂಕಟ. ಆಂಬುಲೆನ್ಸ್ ಬರುವ ಮೊದಲು ಇವರು ಅಲ್ಲಿರಬೇಕು. ನೈಟ್ ಶಿಫ್ಟಿನಲ್ಲಿ ಕಣ್ಣು ಹತ್ತಿತು ಅನ್ನುವಷ್ಟರಲ್ಲಿ ಗಂಟೆ, ಬಂದು ಮಲಗಿದರೆ ಮತ್ತೆ ಗಂಟೆ.

"ಬೆಂಕಿಯಾದರೆ ಆರಿಸಿದ ಮೇಲೆ ಖಲಾಸ್. ಈ ಗ್ಯಾಸ್ಟ್ರಿಕ್ ಆರುವುದೇ ಇಲ್ಲ ಮಾರಾಯ್ತಿ" ಎನ್ನುತ್ತಿದ್ದರು.

ಗಂಟೆ ಮನೆಗೂ ಬಂತು. ರಜೆಯ ದಿನ ಕುಕ್ಕರ್ ಕೂಗಿದರೂ ದಡಬಡನೆ ಏಳುತ್ತಿದ್ದರು. ದಳದವರು ಬೂಟಿನ ಮೇಲೆಯೇ ಪ್ಯಾಂಟ್ ಮಡಚಿ ನಿಲ್ಲಿಸಿ ಮಲಗುತ್ತಾರೆ, ಕಾಲಿಟ್ಟು ಮೇಲಕ್ಕೆಳೆದರೆ ಮುಗಿಯಿತು. ಇವರು ಮನೆಯಲ್ಲೂ ಮಂಚದ ಪಕ್ಕ ಹಾಗೆಯೇ ನಿಲ್ಲಿಸತೊಡಗಿದರು. ಕತ್ತಲಲ್ಲಿ ಅದನ್ನು ಕಂಡು ಯಾರೋ ಕುಳ್ಳ ಮನುಷ್ಯ ನಿಂತಿದ್ದಾನೆಂದು ನಾನು ಎಷ್ಟು ಸಲ ಬೆಚ್ಚಿದ್ದೇನೋ. ನಡುರಾತ್ರಿ ಎದ್ದು ಕೂತರೆ ಕೈ ಹಿಡಿದು ಎಳೆಯುತ್ತಿದ್ದೆ; ಮಗುವಿನ ಹಾಗೆ ಮಲಗುತ್ತಿದ್ದರು. ಆದರೆ ಸ್ಟೇರಿಂಗ್ ಮುಂದೆ ತೂಕಡಿಸಿದ್ದನ್ನು ಕಂಡ ಮೇಲಧಿಕಾರಿಗಳು, ಇನ್ನೊಮ್ಮೆ ಹೀಗಾದರೆ ಗಾಡಿ ಮುಟ್ಟುವ ಹಾಗಿಲ್ಲ ಎಂದುಬಿಟ್ಟರು. ಒಂದು ರಾತ್ರಿಯಾದರೂ ಇವರನ್ನು ಸರಿಯಾಗಿ ಮಲಗಿಸಲೇಬೇಕೆಂದು ನಾನು ಹಟ ಹಿಡಿದೆ.

ರಜೆ ಸಿಕ್ಕ ಒಂದು ರಾತ್ರಿ ಕಾಲಿಂಗ್ ಬೆಲ್ಲಿನ ಬ್ಯಾಟರಿ ತೆಗೆದೆ, ಗಡಿಯಾರವನ್ನು ಅಕ್ಕಿ ಡಬ್ಬಿಯೊಳಗೆ ಹುಗಿದೆ. ಇವರು ಮೊಸರನ್ನ ಉಂಡು ಗೊರಕೆ ಶುರು ಮಾಡಿದರು. ಗೆದ್ದೆ ಎಂಬ ಖುಷಿಗೆ ನನಗೇ ನಿದ್ದೆ ಬರಲಿಲ್ಲ. ಎಲ್ಲಿಯೂ ಒಂದು ಸದ್ದಿಲ್ಲ. ಅಷ್ಟರಲ್ಲಿ ಗೊರಕೆ ನಿಂತಿತು.

ಎದ್ದರು. ಪ್ಯಾಂಟಿನೊಳಗೆ ಇಳಿದರು. ಅಡುಗೆಮನೆಯಿಂದ ತರಕಾರಿ ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟರು. ನಾನು ಬನಿಯನ್ ಹಿಡಿದು ಜಗ್ಗಿದೆ. ಬನಿಯನ್ ಉದ್ದವಾಯಿತೇ ಹೊರತು ಇವರು ನಿಲ್ಲಲಿಲ್ಲ. ಕಣ್ಣು ತೆರೆದೇ ಇತ್ತು, ನಾನು ಮಾತ್ರ ಅದಕ್ಕೆ ಬೀಳುತ್ತಿರಲಿಲ್ಲ. ನೈಟಿಯ ಮೇಲೊಂದು ಮೈ ಒರೆಸುವ ಬೈರಾಸು ಹೊದ್ದು ಹಿಂದೆಯೇ ಮೆಟ್ಟಿಲು ಹತ್ತಿದೆ.

ಮೇಲಿನ ಮನೆ ಪುತ್ತೂರಿನ ಹಮೀದಾಕನದು. ಅವರ ಹೆಂಡತಿ ಮಗಳ ಬಾಣಂತನಕ್ಕೆ ಊರಿಗೆ ಹೋಗಿದ್ದರು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಗೋಡೆಗೊರಗಿ, ಎದೆ ಹಿಡಿದುಕೊಂಡು, ಬೆವರಿನಲ್ಲಿ ತೊಯ್ದು ಹಮೀದಾಕ ಕೂತಿದ್ದರು. ನಮ್ಮವರು ಮೊಣಕಾಲೂರಿ ನಾಡಿ ಹಿಡಿದು ಡ್ಯೂಟಿಯ ಹಿಂದಿಯಲ್ಲಿ ಕೇಳಿದರು: "ನಾಮ್ ಕ್ಯಾ ಹೈ?"

"ಎಂತ ಮಾರಾಯ್ರೆ... ಸಂಜೆ ಒಟ್ಟಿಗೆ ಚಾ ಕುಡಿದದ್ದಲ್ವಾ..." ಎಂದರು ಹಮೀದಾಕ, ಏದುಸಿರಿನ ನಡುವೆ.

ನಮ್ಮವರು ಗಂಭೀರವಾಗಿ ಚೀಲಕ್ಕೆ ಕೈ ಹಾಕಿ ಸೋರೆಕಾಯಿ ತೆಗೆದರು. ಆಗ ಎಚ್ಚರವಾಯಿತು. ಸೋರೆಕಾಯಿಯನ್ನು ನೋಡಿದರು, ನನ್ನನ್ನು ನೋಡಿದರು, ಹಮೀದಾಕನನ್ನು ನೋಡಿದ್ದೇ ಬೇರೆ ಮನುಷ್ಯನಾದರು. "ಫೋನ್ ಎಲ್ಲಿದೆ?" ಎಂದು ಗದರಿದರು. ಆಂಬುಲೆನ್ಸ್ ಬಂತು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ ಆಸ್ಪತ್ರೆಯಲ್ಲಿ. ನಮ್ಮವರು ಅಲ್ಲಿಂದ ಬಂದವರೇ ಮರುದಿನ ಮಧ್ಯಾಹ್ನದವರೆಗೆ ಮಲಗಿದರು. ಕುಕ್ಕರ್ ಕೂಗಿದರೂ ಏಳಲಿಲ್ಲ.

ಹಮೀದಾಕ ಈಗಲೂ ಸಿಕ್ಕಾಗ, "ಅಕ್ಕ, ನನಗೆ ಕೊಟ್ಟ ಮದ್ದನ್ನು ನೀವು ಪಲ್ಯ ಮಾಡಿ ತಿಂದಿರಲ್ಲ!" ಎಂದು ನಗುತ್ತಾರೆ. ಆದರೆ ತಾನು ಕೂಗಲಿಲ್ಲ, ಕೂಗಲು ಉಸಿರೇ ಇರಲಿಲ್ಲ, ಬಾಗಿಲು ತೆರೆದದ್ದೇ ಹೆಚ್ಚು ಎಂದು ಆಣೆ ಮಾಡುತ್ತಾರೆ. ನಮ್ಮವರು ಗಂಟೆ ಹೊಡೆಯಿತು ಎನ್ನುತ್ತಾರೆ. ಮೇಲೆ ಏನೋ ಸದ್ದಾಗಿರಬೇಕು ಎಂದರು ದಳದವರು. ಎಚ್ಚರವಾಗಿದ್ದವಳು ನಾನೊಬ್ಬಳೇ, ನನಗೆ ಏನೂ ಕೇಳಿಸಲಿಲ್ಲ.

ಇವರು ಈಗಲೂ ಕೆಲವು ರಾತ್ರಿ ಎದ್ದು ಹೊರಡುತ್ತಾರೆ. ಹೆಚ್ಚಿನ ಸಲ ಹೋಗುವುದು ಫ್ರಿಜ್ಜಿನ ತನಕ. ಅದರ ಹಿಡಿಕೆ ಹಿಡಿದು "ನಾಮ್ ಕ್ಯಾ ಹೈ?" ಎಂದು ವಿಚಾರಿಸುತ್ತಾರೆ. ಪಾಪ, ಕೈ ಹಿಡಿದು ಎಳೆತಂದು ಮಲಗಿಸಬೇಕು ಅನ್ನಿಸುತ್ತದೆ. ಕೈ ಚಾಚುತ್ತೇನೆ, ಹಿಡಿಯಲು ಮಾತ್ರ ಧೈರ್ಯ ಸಾಲುವುದಿಲ್ಲ. ಈಗಿನ ಮನೆಯ ಮೇಲೆ ಯಾರಿದ್ದಾರೋ, ಹೇಗಿದ್ದಾರೋ ಎಂದು ಸೂರು ನೋಡುತ್ತಾ ನಿಲ್ಲುತ್ತೇನೆ.