ಜಬೀರನಿಗೆ ಸಿಗದ ಏಳು ದಿನ

ಬಂಗಾಯಿ ದ್ವೀಪದಲ್ಲಿ ಬಾಜೋ ಎಂಬ ಕಡಲಜನರಾದ ನಮ್ಮ ಕೇರಿ ನೀರಿನ ಮೇಲೆ ಮರದ ಕಂಬಗಳನ್ನೂರಿ ನಿಂತಿದೆ. ಕೊನೆಯ ಮನೆ ಜಬೀರನದು. ಅದರಾಚೆ ನೀರಿನಲ್ಲಿ ಅವನ ಬಲೆಪಂಜರ ತೇಲುತ್ತಿತ್ತು. ಪರದೇಶದ ಮನೆಗಳ ಗಾಜಿನ ತೊಟ್ಟಿಗಳಿಗೆ ಹೋಗುವ ಕಪ್ಪುಪಟ್ಟೆಯ ಬೆಳ್ಳಿಮೀನುಗಳನ್ನು ಹಿಡಿಯುವುದು ಇಪ್ಪತ್ತೆರಡು ವರ್ಷಗಳಿಂದ ಅವನ ಕಸುಬು. ಪಟ್ಟಣದ ತವರಿಗೆ ಹೋದ ಹೆಂಡತಿ ಮರಳಲಿಲ್ಲ. ಏಕೆಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಈ ಮೀನಿನಲ್ಲಿ ಮೊಟ್ಟೆಗಳನ್ನು ಕಾಯುವುದು ಗಂಡು. ಮರಿಗಳು ಈಜುವಷ್ಟು ಬಲಿಯುವ ತನಕ ಅವನ್ನು ಬಾಯಲ್ಲಿಟ್ಟುಕೊಂಡು ಉಪವಾಸವಿರುತ್ತದೆ, ಬೆದರಿದರೆ ಉಗುಳಿಬಿಡುತ್ತದೆ. ಬೇರೆಯವರು ಬಾಯುಬ್ಬಿದ ಗಂಡುಗಳನ್ನೂ ಬಕೆಟ್ಟಿಗೆ ಸುರಿಯುತ್ತಿದ್ದರು. ಅವರ ಕೈಗೆ ಸಿಗದಿರಲೆಂದು ಜಬೀರ ಅವನ್ನು ನೀರಿನೊಳಗೇ ಬುಟ್ಟಿಗೆ ಎರಡರಂತೆ ನಿಧಾನವಾಗಿ ತಂದು ಪಂಜರದಲ್ಲಿ ಸಾಕುತ್ತಿದ್ದ. ಮರಿಗಳು ಹೊರಬಂದ ಮೇಲೆ ಅವನ್ನು ಕೊಲ್ಲಿಗೆ ಒಯ್ದು ಮರಿಗಳಿಗೆ ಆಸರೆಯಾಗುವ ಕಡಲ ಮುಳ್ಳುಚೆಂಡು ಎಂಬ ಉದ್ದಮುಳ್ಳಿನ ಜೀವಿಗಳ ನಡುವೆ ಬಿಟ್ಟು, ಅನಂತರವೇ ತಂದೆಮೀನನ್ನು ಮಾರುತ್ತಿದ್ದ.

ಮೊಟ್ಟೆಗಾಲದ ಎರಡು ತಿಂಗಳು ಈ ಮೀನನ್ನು ಹಿಡಿಯಬಾರದು, ಸಾಗಿಸಬಾರದು, ಪಂಜರದಲ್ಲಿಯೂ ಇಡಬಾರದು ಎಂದು ಆ ವರ್ಷ ಸರ್ಕಾರದ ಆಜ್ಞೆ ಬಂತು. ಜಬೀರ ಅದನ್ನು ಕಟ್ಟೆಯ ಮೇಲೆ ಬಾಯಿಮಾತಿನಲ್ಲಿ ಕೇಳಿದ್ದ. ನಮ್ಮವರಿಗೆ ತಿಂಗಳೆಂದರೆ ಅಮಾವಾಸ್ಯೆಯಿಂದ ಅಮಾವಾಸ್ಯೆ. ಆಜ್ಞೆ ಮುಂದಿನ ಅಮಾವಾಸ್ಯೆಗೆ ಶುರುವಾಗುತ್ತದೆ, ಅಷ್ಟರೊಳಗೆ ಮರಿಗಳು ಹೊರಬರುತ್ತವೆ ಎಂಬ ಲೆಕ್ಕದಲ್ಲಿಯೇ ಅವನು ಬಾಯುಬ್ಬಿದ ನಲವತ್ತು ಗಂಡುಗಳನ್ನು ತಂದಿಟ್ಟುಕೊಂಡಿದ್ದ. ಮಂಗಳವಾರ ಆಜ್ಞೆಯ ಕಾಗದ ಹಿಡಿದು ನನ್ನಲ್ಲಿಗೆ ಬಂದ. ಸಂಜೆಶಾಲೆಯಲ್ಲಿ ಓದು ಕಲಿತವಳು ಕೇರಿಯಲ್ಲಿ ನಾನೊಬ್ಬಳೇ.

"ಅಕ್ಕಾ, ಇನ್ನೊಂದ್ಸಲ ಓದು."

"ಎಷ್ಟ್ ಸಲ ಓದಿದ್ರೂ ಶುರುವಾಗೋದು ಈ ಶುಕ್ರವಾರವೇ ಕಣೋ."

"ಅಮಾವಾಸ್ಯೆಗೆ ಇನ್ನೂ ಹತ್ತು ದಿನ ಇದೆಯಲ್ಲಾ?"

"ಸರ್ಕಾರ ಚಂದ್ರನ್ನ ನೋಡಿ ಬರಿಯಲ್ಲ. ಕ್ಯಾಲೆಂಡರ್ ನೋಡಿ ಬರಿಯುತ್ತೆ."

"ಮರಿ ಹೊರಗ್ ಬರೋದು ಕ್ಯಾಲೆಂಡರ್ ನೋಡಿ ಅಲ್ವಲ್ಲಕ್ಕಾ."

ಆಜ್ಞೆ ಸರಿಯೆಂದೇ ನಾನು ಹೇಳಿದೆ, ಈಗಲೂ ಹೇಳುತ್ತೇನೆ. ಮೋಡದಂತೆ ಕವಿದಿರುತ್ತಿದ್ದ ಮೀನು ಕೊಲ್ಲಿಯಲ್ಲಿ ಬೊಗಸೆಯಷ್ಟಾಗಿತ್ತು. ಆದರೂ ಏಳು ದಿನ ಹೆಚ್ಚು ಕೊಡಿರೆಂದು ಅವನ ಪರವಾಗಿ ಅರ್ಜಿ ಬರೆದುಕೊಟ್ಟೆ. ಮೀನುಗಾರಿಕೆ ಕಚೇರಿಯವನು ಅದನ್ನು ಓದಿ, ಮಡಚಿ, ಹಿಂದಿರುಗಿಸಿದ.

ಇನ್ನು ಶುಕ್ರವಾರದೊಳಗೆ ಮೀನುಗಳನ್ನು ಕೊಲ್ಲಿಗೆ ಮರಳಿಸಬೇಕು, ಬುಟ್ಟಿಗೆ ಎರಡರಂತೆ ಸಾಗಿಸಲು ದಿನಗಳು ಸಾಲವು. ಪಂಜರವನ್ನೇ ಎಳೆದೊಯ್ಯಬೇಕು, ಎಂಜಿನ್ನಿನ ಸದ್ದಿಗೆ ಮೀನು ಬೆದರುವುದರಿಂದ ಹುಟ್ಟು ಹಾಕಿಯೇ ಒಯ್ಯಬೇಕು. "ಹಗ್ಗ ಹಿಡಿಯೋಕೆ ಒಬ್ಬರಿದ್ರೆ..." ಎಂದು ಅವನು ಕಟ್ಟೆಯ ಮೇಲೆ ಯಾರ ಹೆಸರನ್ನೂ ಹಿಡಿಯದೆ ಹೇಳಿದ. ಯಾರೂ ಏಳಲಿಲ್ಲ. ನಾನೂ ಅಲ್ಲಿಯೇ ಇದ್ದೆ. ಗುರುವಾರ ಬೆಳಗಾಗುತ್ತಲೇ ಒಬ್ಬನೇ ಹೊರಟ.

ಆಕ್ಟೋಪಸ್ ಹಿಡಿಯುವ ರುಬಾಯಿಯ ದೋಣಿ ನಡುನೀರಿನಲ್ಲಿ ಅವನಿಗೆ ಎದುರಾಯಿತಂತೆ. ಸಂಜೆ ರುಬಾಯಿಯೇ ನಗುತ್ತ ಹೇಳಿದ ಮಾತಿದು.

"ಏನ್ ಮಾವ, ಮೀನಿಗೂ ಮದುವೆ ದಿಬ್ಬಣನಾ?"

"ಎಂಜಿನ್ ಆರಿಸೋ ಕತ್ತೆ!"

"ಯಾಕೆ, ಮದುಮಗ ಮಲಗವ್ನಾ?"

"ನಲವತ್ತು ಜನ ಬಸುರಿ ಗಂಡಸರವ್ರೆ ಕಣೋ. ಆರಿಸು!"

ದೋಣಿಯವರು ಎಂಜಿನ್ ಆರಿಸಿದರಂತೆ. ಅವನು ದಾಟಿಹೋಗುವವರೆಗೂ ನಗುತ್ತ ಕಾದರಂತೆ. ಹುಟ್ಟಿಗೆ ಮಾತ್ರ ಯಾರೂ ಕೈಕೊಡಲಿಲ್ಲ.

ಕೊಲ್ಲಿಯಲ್ಲಿ ಮುಳ್ಳುಚೆಂಡುಗಳ ಮೇಲೆ ಪಂಜರವನ್ನು ನಿಲ್ಲಿಸಿ, ಜಬೀರ ಬಲೆಯ ತಳ ಕತ್ತರಿಸಿದ. ಮೀನುಗಳು ಹೊರಡಲಿಲ್ಲ, ಪಂಜರದ ನೆರಳಿಗೇ ಅಂಟಿಕೊಂಡವು. ಕೈಯಿಂದ ಅಟ್ಟಿದರೆ ಉಗುಳುತ್ತವೆ. ಅವನು ಬಲೆಯ ಒಂದೊಂದೇ ಮೂಲೆಯನ್ನು ಗೇಣುಗೇಣಾಗಿ ಇಳಿಬಿಡುತ್ತ ಕಾದ. ಶುಕ್ರವಾರ ಬೆಳಗಿನ ಇಳಿತ ನಿಂತು ನೀರು ತಿಳಿಯಾದಾಗ ಅವು ತಾವಾಗಿಯೇ ಜಾರತೊಡಗಿದವು.

ಮಧ್ಯಾಹ್ನ ಕೇರಿಯ ಅಷ್ಟೂ ಬಾಗಿಲುಗಳನ್ನು ದಾಟಿಕೊಂಡು ನನ್ನ ಬಾಗಿಲಿಗೆ ಬಂದು ನಿಂತ. ಅಂಗೈಗಳು ಸುಲಿದಿದ್ದವು.

"ಐದು ಉಗುಳಿದ್ವು ಅಕ್ಕಾ. ಉಳಿದವೆಲ್ಲ ಬಾಯಿ ಬಿಗಿ ಹಿಡ್ಕೊಂಡೇ ಮುಳ್ಳೊಳಗೆ ಹೋದ್ವು."

ನಾನು ಒಣಗಿದ ಆಕ್ಟೋಪಸ್ಸುಗಳನ್ನು ಕಟ್ಟುತ್ತಿದ್ದೆ. "ಒಳ್ಳೇದಾಯ್ತು" ಎಂದೆ.

ಅವನು ಹೋಗಲಿಲ್ಲ. ಒಳಗೆ ಬಾ ಎನ್ನುವುದು ನನಗೆ ತೋಚಲಿಲ್ಲ.

"ಇನ್ನೇನಾದ್ರೂ ಓದಬೇಕಿತ್ತಾ?"

"ಇಲ್ಲಕ್ಕಾ" ಎಂದು ಹಲಗೆಯ ದಾರಿ ಹಿಡಿದು ತನ್ನ ಮನೆಯತ್ತ ನಡೆದ.