ಕರಟಿದ ಫ್ಲಾಸ್ಕುಗಳ ಜಟ್ಟೆಮ್ಮ

ಬೆಳಿಗ್ಗೆ ಆರೂವರೆ. ಮಹದೇವಪುರದ ಔಷಧ ಪ್ರಯೋಗಾಲಯವೊಂದರ ಹಿಂಬದಿಯ ತೊಟ್ಟಿಯ ಮುಂದೆ ಜಟ್ಟೆಮ್ಮ ಆಗಲೇ ಸೆರಗು ಸಿಕ್ಕಿಸಿ ನಿಂತಿದ್ದಾರೆ. ನಿನ್ನೆಯ ಪ್ರಯೋಗಗಳ ದುಂಡನೆಯ ಗಾಜಿನ ಫ್ಲಾಸ್ಕುಗಳು ಸಾಲಾಗಿ ಕಾದಿವೆ. ಒಂದನ್ನೆತ್ತಿ ಬೆಳಕಿಗೆ ಹಿಡಿಯುತ್ತಾರೆ. ತಳದಲ್ಲಿ ಡಾಂಬರಿನಂಥ ಕರಿ, ಪ್ರಯೋಗ ಕೆಟ್ಟದ್ದರ ಗುರುತು. "ಇದು ಅಸಿಟೋನಿಗೆಲ್ಲ ಬಗ್ಗಂಗಿಲ್ರಿ. ಕಾಸ್ಟಿಕ್ ಸೋಡಾದಾಗ ಒಂದಿನ ನೆನೀಬೇಕು" ಎಂದು ತೀರ್ಪು ಕೊಟ್ಟು, ಕೈ ಒರೆಸಿಕೊಂಡು, ಫ್ಲಾಸ್ಕಿಗೆ ಅಂಟಿಸಿದ ಚೀಟಿಯಲ್ಲಿನ ಪ್ರಯೋಗದ ನಂಬರನ್ನೂ ಈ ಮಾತನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ.

ಸೇಡಂ ಕಡೆಯಿಂದ ಬಂದು ಕೆ.ಆರ್. ಪುರದ ಬಾಡಿಗೆ ಕೋಣೆಯಲ್ಲಿ ನೆಲೆಸಿ ಹದಿನಾರು ವರ್ಷ. ಗಂಡ ಹಂಪಣ್ಣ ಗಾರೆ ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆ ನಡೆಯುವುದು ಇವರ ಸಂಬಳದಿಂದಲೇ. ದಿನಕ್ಕೆ ಎಂಬತ್ತು ಫ್ಲಾಸ್ಕು. ಓದಿದ್ದು ನಾಲ್ಕನೇ ಕ್ಲಾಸು. ಯಾವ ಕೊಳೆ ಯಾವುದಕ್ಕೆ ಹೋಗುತ್ತದೆಂದು ಮರೆಯಬಾರದು ಅಂತ ಬರೆಯಲು ಶುರುಮಾಡಿದ್ದು, ಒಂಬತ್ತು ವರ್ಷದಲ್ಲಿ ಏಳು ನೋಟ್‌ಬುಕ್ ತುಂಬಿತು.

2002ರ ಜೂನ್‌ನಲ್ಲಿ ಲ್ಯಾಬಿಗೊಂದು ಕಂಪ್ಯೂಟರ್ ಬಂತು. ಹಳೆಯ ಪ್ರಯೋಗಗಳಿಂದ ಕಲಿತು, ಹೊಸದು ಫಲಿಸುತ್ತದೋ ಕೆಡುತ್ತದೋ ಎಂದು ಮೊದಲೇ ಹೇಳುವ ಕೃತಕ ಬುದ್ಧಿಮತ್ತೆ ಅದರಲ್ಲಿತ್ತು. ಕಲಿಸುವ ಹೊಣೆ ಹೂಡಿಯ ರೈತ ಮನೆತನದ ಕೆಮಿಸ್ಟ್ ಹಂಸ ಅವರದು. ಆದರೆ ಯಂತ್ರ, ಏನು ಕೇಳಿದರೂ ಫಲಿಸುತ್ತದೆ ಎನ್ನುತ್ತಿತ್ತು. ಇನ್ನೇನು ಹೇಳೀತು ಪಾಪ? ಕೆಮಿಸ್ಟರು ರಿಜಿಸ್ಟರಿನಲ್ಲಿ ಗೆದ್ದದ್ದನ್ನು ಮಾತ್ರ ಪೂರ್ತಿ ಬರೆದು, ಕೆಟ್ಟದ್ದರ ಮುಂದೆ ಫಲಿತಾಂಶದ ಜಾಗವನ್ನು ಖಾಲಿ ಬಿಟ್ಟಿದ್ದರು.

ಖಾಲಿ ಬಿಟ್ಟದ್ದೆಲ್ಲ ಜಟ್ಟೆಮ್ಮನ ಬಳಿ ಇತ್ತು. ತೊಟ್ಟಿಯ ಹತ್ತಿರ ಬಂದ ಹಂಸ ನೋಟ್‌ಬುಕ್ ಕಂಡು ಕೇಳಿದಾಗ ಇವರು ಸೆರಗಿನಲ್ಲಿ ಮುಚ್ಚಿಕೊಂಡರು. ದೊಡ್ಡವರ ತಪ್ಪುಗಳನ್ನು ಬರೆದಿಟ್ಟವಳನ್ನು ಯಾರು ಕೆಲಸದಲ್ಲಿ ಉಳಿಸಿಕೊಳ್ಳುತ್ತಾರೆ? ಅದರಲ್ಲೂ ಹೆಚ್ಚು ಕರಟಿದವು ಮುಖ್ಯಸ್ಥ ಅಂಜನಮೂರ್ತಿಯವರವೇ. ಮೂರು ದಿನ ಹೊಯ್ದಾಡಿ, ನಾಲ್ಕನೇ ದಿನ ಏಳೂ ಪುಸ್ತಕ ತಂದು ಹಂಸ ಅವರ ಮೇಜಿನ ಮೇಲಿಟ್ಟರು. "ಆ ಹುಡುಗಿ ದಿನಾ ಅಳು ಮುಖ ಮಾಡ್ಕೊಂಡು ಕೂಡ್ತಿತ್ರಿ. ನೋಡ್ಲಿಕ್ಕ ಆಗ್ಲಿಲ್ಲ."

ಅಂಜನಮೂರ್ತಿ ಕರೆಸಿದಾಗ ಜಟ್ಟೆಮ್ಮ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡೇ ಹೋದರು, ಮತ್ತೆ ಬರುವುದಿಲ್ಲ ಅಂತಲೇ. ಮುಖ್ಯಸ್ಥರು ಒಂದೊಂದೇ ಪುಸ್ತಕದ ಪುಟ ತಿರುವಿ ನೋಡಿದರು. ಕೊನೆಗೆ, "ಇದನ್ನೆಲ್ಲ ನಾವು ಬರೀಬೇಕಿತ್ತು ಜಟ್ಟೆಮ್ಮ. ನಾಚಿಕೆ ಅಂತ ಬಿಟ್ಬಿಟ್ವಿ" ಎಂದರು.

ಹಂಸ ಎರಡು ತಿಂಗಳು ಕೂತು ಅಷ್ಟನ್ನೂ ಕಂಪ್ಯೂಟರಿಗೆ ತುಂಬಿದರು. ಈಗ ಅದು, ಕೆಡುವ ಹತ್ತು ಪ್ರಯೋಗಗಳಲ್ಲಿ ಏಳನ್ನು ಮೊದಲೇ ಹೇಳುತ್ತದೆ. ಕೆಮಿಸ್ಟರೇ ತೊಟ್ಟಿಯವರೆಗೆ ಬಂದು, ಇವತ್ತು ನಂದು ಕೆಟ್ಟಿತು, ಬರ್ಕೊಳ್ಳಿ ಎಂದು ಒಪ್ಪಿಸಿ ಹೋಗುತ್ತಾರೆ. ನೋಡಿದರೆ ಹೊಟ್ಟೆ ತಣ್ಣಗಾಗುತ್ತದೆ.

ಆಸೆ ಏನೆಂದು ಕೇಳಿದರೆ, ತೂತಾಗದ ಒಂದು ಜೊತೆ ಗ್ಲೌಸ್ ಸಾಕು ಎನ್ನುತ್ತಾರೆ. ಯಂತ್ರ ಇನ್ನೂ ಜಾಣನಾಗಿ ಫ್ಲಾಸ್ಕು ಕರಟುವುದೇ ನಿಂತರೆ ನಿಮ್ಮ ಗತಿ ಏನು ಎಂದರೆ ನಕ್ಕು, ಎಂಟನೇ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದು ತೋರಿಸುತ್ತಾರೆ. ಫಲಿಸುತ್ತದೆ ಎಂದು ಕಂಪ್ಯೂಟರ್ ಮಾತು ಕೊಟ್ಟು ಕೆಟ್ಟವು ಅಲ್ಲಿವೆ.

"ಅದರ ತಪ್ಪೂ ನಾನೇ ತೊಳೀಬೇಕಲ್ರಿ. ಬರದಿಟ್ಟೀನಿ. ಪಾಪ, ಕಲೀಲಿ."